ಏಲಕ್ಕಿ ಕೊಟ್ಟು ಸುಮ್ಮನಿದ್ದವರು

ಭದ್ರಾವತಿಯ ಜನ್ನಾಪುರದಲ್ಲಿ ಮದುವೆಗೆ ರವಿಕೆ ಹೊಲಿಸುವವರು ಮೊದಲು ಜಗದಾಂಬಾಳ ಅಂಗಡಿಗೆ ಹೋಗುತ್ತಿದ್ದರು. ತನಗೆ ಪುರುಸೊತ್ತಿಲ್ಲ ಎಂದು ಅವಳೇ ಕೈಯಲ್ಲಾಡಿಸಿದ ಮೇಲಷ್ಟೇ ಬೇರೆ ಕಡೆ ತಿರುಗುತ್ತಿದ್ದರು. ಹಾಗೆ ನೋಡಿದರೆ ಅಂಗಡಿ ದೊಡ್ಡದೇನಲ್ಲ. ಎರಡು ಮೆಷಿನ್, ಬಟ್ಟೆ ಕತ್ತರಿಸಲು ಒಂದು ಮೇಜು, ಪರದೆ ಎಳೆದ ಒಂದು ಮೂಲೆ. ಆದರೆ ಆ ಪರದೆಯ ಹಿಂದೆ ಜಗದಾಂಬಾ ಟೇಪು ಹಿಡಿದು ನಿಂತಳೆಂದರೆ ಅಳತೆಯ ಜೊತೆಗೆ ಅರ್ಧ ಊರಿನ ಸುದ್ದಿಯೂ ಹೊರಬರುತ್ತಿತ್ತು. ಭುಜ ಅಳೆಯುವಾಗ ಸೊಸೆಯ ವಿಷಯ, ತೋಳು ಅಳೆಯುವಾಗ ಅತ್ತೆಯ ವಿಷಯ, ಬೆನ್ನು ಅಳೆಯುವ ಹೊತ್ತಿಗೆ ಗಂಡನ ವಿಷಯ. ಕೇಳಿಸಿಕೊಂಡದ್ದನ್ನು ಅವಳು ಪರದೆಯಿಂದ ಈಚೆಗೆ ತರುತ್ತಿರಲಿಲ್ಲ. ಅದಕ್ಕೇ ಹೆಂಗಸರು ಅವಳ ಮುಂದೆ ಮನಸ್ಸು ಬಿಚ್ಚುತ್ತಿದ್ದರು. ಹೊಲಿಗೆಗಿಂತ ಆ ಅಳತೆಯ ಕೆಲಸವೇ ಅವಳಿಗೆ ಹೆಚ್ಚು ಪ್ರೀತಿಯದು.

ಗಾಜನೂರಿನಿಂದ ಮದುವೆಯಾಗಿ ಬಂದಾಗ ಅವಳಿಗೆ ಗುಂಡಿ ಹಾಕುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಕಲಿತಳು, ಹಳೆಯ ಮೆಷಿನ್ ಕೊಂಡಳು, ಅಂಗಡಿ ಹಾಕಿದಳು. ಮಗಳು ಸ್ಪಂದನಾಳನ್ನು ಓದಿಸಿ ದಾವಣಗೆರೆಗೆ ಮದುವೆ ಮಾಡಿಕೊಟ್ಟಳು. ಗಂಡ ವಿಶ್ವಾರಾಧ್ಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಕುಡಿತವಿಲ್ಲ, ಜಗಳವಿಲ್ಲ, ಎತ್ತರದ ದನಿಯಿಲ್ಲ. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ ಎಂದು ಕೇರಿಯಲ್ಲೆಲ್ಲ ಹೆಸರು. ಜಗದಾಂಬಾಳಿಗೆ ಮುಳುವಾದದ್ದು ಈ ಒಳ್ಳೆಯತನವೇ ಎಂದರೆ ಕೇರಿಯವರು ಈಗಲೂ ನಂಬುವುದಿಲ್ಲ.

ಅಂಗಡಿಯಲ್ಲಿ ಇನ್ನೊಂದು ಮೆಷಿನ್ ಮುಂದೆ ಕೂರುತ್ತಿದ್ದವಳು ಉಮಾಮಹೇಶ್ವರಿ. ಕೆಲಸ ಕಲಿಯಲು ಬಂದ ಹುಡುಗಿ ಹೋಗಲೇ ಇಲ್ಲ, ಪಾಲುದಾರಳಾಗಿ ಉಳಿದಳು. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಟ್ಟಿಗೇ ತೆರೆಯುತ್ತಿತ್ತು. ಉಮಾಳ ಹೆರಿಗೆಗೆ ಆಸ್ಪತ್ರೆಯಲ್ಲಿ ಕೂತವಳು ಜಗದಾಂಬಾ, ಸ್ಪಂದನಾಳ ಮದುವೆಯಲ್ಲಿ ಅಡುಗೆಯವರ ಹತ್ತಿರ ಕಾದಾಡಿದವಳು ಉಮಾ. ಒಡಹುಟ್ಟಿದವರೂ ಅಷ್ಟು ಹೊಂದಿಕೊಂಡಿರುವುದಿಲ್ಲ.

ಇನ್ನು ಹಲ್ಲಿನ ಕಥೆಗೆ ಬರೋಣ. ಹಲ್ಲುಜ್ಜುವಾಗ ಉಗುಳಿನಲ್ಲಿ ಕೆಂಪು ಕಂಡಾಗ ಜಗದಾಂಬಾ ಗಾಬರಿಯಾಗಲಿಲ್ಲ. ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ ಎಂದುಕೊಂಡಳು. ಇಡೀ ದಿನ ಕೂತು ಮೆಷಿನ್ ತುಳಿಯುವವಳಿಗೆ ಉಷ್ಣವಾಗದೆ ಇನ್ನೇನಾಗುತ್ತದೆ? ಎಳನೀರು ಕುಡಿದಳು, ಮೆಂತ್ಯ ನೆನೆಹಾಕಿ ತಿಂದಳು, ಮಜ್ಜಿಗೆ ಹೆಚ್ಚಿಸಿದಳು. ಜೊತೆಗೆ, ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸಬಾರದೆಂದು ತೀರ್ಮಾನಿಸಿ, ಅಲ್ಲಿ ಬೆರಳಿನಿಂದ ಮೆಲ್ಲಗೆ ಸವರಿ ಬಾಯಿ ಮುಕ್ಕಳಿಸತೊಡಗಿದಳು. ಗಾಯವಾದ ಕಡೆ ಯಾರಾದರೂ ಉಜ್ಜುತ್ತಾರೆಯೇ? ಅವಳ ಲೆಕ್ಕ ಅದು. ನೋವಂತೂ ಒಂದು ಚೂರೂ ಇರಲಿಲ್ಲ. ನೋವಿಲ್ಲದ್ದನ್ನು ಕಾಯಿಲೆ ಎಂದು ಕರೆಯುವ ಅಭ್ಯಾಸ ನಮ್ಮ ಹೆಂಗಸರಿಗೆ ಇಲ್ಲವೇ ಇಲ್ಲ, ನೋವಿದ್ದರೂ ಅಡುಗೆ ಮುಗಿದ ಮೇಲೆಯೇ ಅವರು ಅದರ ಕಡೆ ನೋಡುವುದು.

ಆಮೇಲೆ ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಡತೊಡಗಿತು. ಮೊದಲು ದಾರ ತೂರುವಷ್ಟಿದ್ದದ್ದು ಬರಬರುತ್ತಾ ಅಕ್ಕಿಕಾಳು ತೂರುವಷ್ಟಾಯಿತು. ಜಗದಾಂಬಾ ಕನ್ನಡಿಯ ಮುಂದೆ ನಿಂತು ನೋಡಿಕೊಂಡಳು. ಅವಳ ಸೋದರತ್ತೆಗೆ ಹುಟ್ಟಿನಿಂದಲೇ ಹಾಗಿತ್ತು, ಅದನ್ನು ಮನೆಮಂದಿಯೆಲ್ಲ ಅದೃಷ್ಟದ ಹಲ್ಲು ಎನ್ನುತ್ತಿದ್ದರು.

"ನೋಡೆ ಉಮಾ, ಈ ವಯಸ್ಸಲ್ಲಿ ನಂಗೆ ಅದೃಷ್ಟ ಬಾಗ್ಲು ತೆಗೀತಿದೆ," ಎಂದು ಅಂಗಡಿಯಲ್ಲಿ ಹಲ್ಲು ತೋರಿಸಿ ನಕ್ಕಳು.

"ಹೌದಲ್ಲ ಅಕ್ಕ, ಚೆನ್ನಾಗಿ ಕಾಣುತ್ತೆ ಮಾರಾಯ್ತಿ," ಎಂದಳು ಉಮಾ. ಅಷ್ಟು ಹೇಳಿ ಮುಖ ತಿರುಗಿಸಿ ಬಾಬಿನ್ ಹುಡುಕಿದಳು.

ಅದೇ ದಿನಗಳಲ್ಲಿ ಉಮಾ ಇನ್ನೊಂದು ಮಾತು ತೆಗೆದಳು. ಇನ್ನು ಮುಂದೆ ಅಳತೆ ತಾನು ತೆಗೆಯುತ್ತೇನೆ, ಅಕ್ಕ ಬರೀ ಕಟಿಂಗ್ ನೋಡಿಕೊಳ್ಳಲಿ ಎಂದು. "ಕಟಿಂಗಲ್ಲಿ ನಿಮ್ಮ ಕೈ ಯಾರಿಗೂ ಬರಲ್ಲ. ನೀವು ಮಾಸ್ಟರ್ ಥರ ಕೂತ್ಕೊಳ್ಳಿ. ನಿಂತು ನಿಂತು ಮಂಡಿನೋವು ಬೇರೆ ನಿಮಗೆ." ಜಗದಾಂಬಾಳಿಗೆ ಒಳಗೊಳಗೇ ಪಿಚ್ಚೆನಿಸಿತು, ಆದರೆ ಪ್ರೀತಿಯಿಂದ ಹೇಳುವವಳಿಗೆ ಇಲ್ಲವೆನ್ನುವುದು ಹೇಗೆ? ಟೇಪನ್ನು ಕತ್ತಿನಿಂದ ತೆಗೆದು ಉಮಾಳ ಕೈಗಿಟ್ಟಳು. ಅಂದಿನಿಂದ ಪರದೆಯ ಹಿಂದಿನ ಸುದ್ದಿಗಳು ಉಮಾಳ ಪಾಲಾದವು.

ಹೋಗಲಿ ಎಂದುಕೊಂಡಳು, ಉಮಾ ಅವಳನ್ನು ನೋಡಿಕೊಳ್ಳುವ ಪರಿ ಹಾಗಿತ್ತು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅಕ್ಕನ ಮೇಜಿನ ಮೇಲೆಯೇ ಊದುಬತ್ತಿ ಹಚ್ಚುತ್ತಿದ್ದಳು. ಗಿರಾಕಿ ಮೆಟ್ಟಿಲು ಹತ್ತುವುದು ಕಂಡರೆ ಒಂದು ಏಲಕ್ಕಿ ಮುಂದೆ ಚಾಚುತ್ತಿದ್ದಳು. "ಬಾಯಿಗೆ ಹಾಕ್ಕೊಳ್ಳಿ ಅಕ್ಕ." ಜಗದಾಂಬಾ ಹಾಕಿಕೊಳ್ಳುತ್ತಿದ್ದಳು. ಏಲಕ್ಕಿಯ ರೇಟು ಗೊತ್ತಿದ್ದವಳಾದ್ದರಿಂದ ಪ್ರತಿಸಲವೂ ಈ ಹುಡುಗಿಗೆ ನನ್ನ ಮೇಲೆಷ್ಟು ಪ್ರೀತಿ ಎಂದು ಕರಗುತ್ತಿದ್ದಳು.

ಮನೆಯಲ್ಲಿ ವಿಶ್ವಾರಾಧ್ಯ ಹಾಲ್‌ನಲ್ಲಿ ಮಲಗಲು ಶುರುಮಾಡಿದ. ಟಿ.ವಿ. ನೋಡುತ್ತಾ ಅಲ್ಲೇ ನಿದ್ದೆ ಬರುತ್ತದೆ, ನಿನ್ನ ನಿದ್ದೆ ಯಾಕೆ ಕೆಡಿಸಲಿ ಎಂದ. ಇಷ್ಟು ವರ್ಷವಾದ ಮೇಲೆ ಗಂಡಸರು ಹಾಗೇ ಎಂದು ಅವಳು ಸುಮ್ಮನಾದಳು. ಮಗಳ ಜೊತೆ ದಿನವೂ ಮಾತು ಫೋನಿನಲ್ಲಿ. ಫೋನಿನಲ್ಲಿ ಮಾತು ಬರುತ್ತದೆ, ಮುಖವೂ ಬರುತ್ತದೆ, ವಾಸನೆ ಬರುವುದಿಲ್ಲ.

ಹೀಗೆ ಮೂರು ವರ್ಷ ಕಳೆಯಿತು. ಒಂದು ದಿನ ಜಗದಾಂಬಾ ರೇಷ್ಮೆ ರವಿಕೆಯ ಅಂಚು ಮುಗಿಸಿ, ಎಂದಿನಂತೆ ಬಾಗಿ ದಾರವನ್ನು ಹಲ್ಲಿನಿಂದ ಕಡಿದಳು. ದಾರ ತುಂಡಾಗಲಿಲ್ಲ, ಹಲ್ಲು ಅಲುಗಿತು. ಬೆರಳಿಟ್ಟು ನೋಡಿದಳು. ಮುಂದಿನ ಎರಡೂ ಹಲ್ಲು ಹಿಂದೆ ಮುಂದೆ ಆಡುತ್ತಿದ್ದವು. ಮುಂಭಾಗದ ಹಲ್ಲು ಹೋದರೆ ಯಾರ ಮುಂದೆ ನಿಂತು ನಗುವುದು, ಯಾರ ಮುಂದೆ ಬಾಯಿ ತೆರೆಯುವುದು? ಐವತ್ತೂ ಆಗಿಲ್ಲ. ಅವತ್ತು ಅವಳು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ.

ಗಂಡನಿಗೆ ಹೇಳಿದರೆ, "ಡಾಕ್ಟ್ರು ಕ್ಲೀನ್ ಮಾಡಿದ್ರೆ ಇರೋ ಹಲ್ಲೂ ಸಡಿಲ ಆಗ್ತವೆ ಕಣೆ, ಉಪ್ಪು ನೀರು ಮುಕ್ಕಳಿಸು," ಎಂದ. ಉಪ್ಪು ನೀರಿನಿಂದ ಅಲುಗುವ ಹಲ್ಲು ನಿಲ್ಲುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಭದ್ರಾವತಿಯಲ್ಲೇ ಹಲ್ಲಿನ ಡಾಕ್ಟರು ಬೇಕಾದಷ್ಟು ಜನ ಇದ್ದಾರೆ, ಆದರೆ ಅಲ್ಲಿ ಕಾಯುವ ಬೆಂಚಿನ ಮೇಲೆ ಗಿರಾಕಿ ಯಾರಾದರೂ ಕೂತಿರುತ್ತಾರೆ. ಅದಕ್ಕೆ ಶಿವಮೊಗ್ಗದ ಬಸ್ ಹತ್ತಿದಳು. ವಿನೋಬನಗರದಲ್ಲಿ ವಸಡಿನ ಚಿಕಿತ್ಸೆಯನ್ನೇ ಓದಿದ ಶರಾವತಿ ಎಂಬ ಡಾಕ್ಟರ ಬೋರ್ಡು ಹುಡುಕಿ ಒಳಗೆ ಹೋದಳು.

ಡಾಕ್ಟರು ಗೆರೆಗಳಿದ್ದ ಒಂದು ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ, ಒಂದೊಂದು ಹಲ್ಲಿಗೂ ಒಂದೊಂದು ಸಂಖ್ಯೆ ಹೇಳುತ್ತಾ ಹೋದರು. ಇವರೂ ಅಳತೆ ತೆಗೆಯುತ್ತಿದ್ದಾರೆ ಎಂದು ಜಗದಾಂಬಾಳಿಗೆ ಅರ್ಥವಾಯಿತು. ಅಳತೆ ಹೆಚ್ಚಾದಷ್ಟೂ ಕೆಟ್ಟದ್ದು ಎಂಬುದು ಅವರ ಮುಖ ನೋಡಿ ತಿಳಿಯಿತು. ಆಮೇಲೆ ಎಕ್ಸ್‌ರೇ ತೆಗೆದು ತೋರಿಸಿದರು.

"ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತೆ ಅಮ್ಮ, ದಿನಾ ಉಜ್ಜಿ ತೆಗೀದಿದ್ರೆ ಅದೇ ಗಟ್ಟಿಯಾಗಿ ಕಲ್ಲಿನ ಥರ ಕೂತ್ಕೊಳ್ಳುತ್ತೆ. ವಸಡು ಊದುತ್ತೆ, ರಕ್ತ ಬರುತ್ತೆ. ಆಗ್ಲೇ ಬಂದಿದ್ರೆ ಒಂದು ಸಲ ಕ್ಲೀನ್ ಮಾಡಿ ಕಳಿಸ್ತಿದ್ದೆ, ವಸಡು ಮೊದಲಿನ ಹಂಗೇ ಆಗ್ತಿತ್ತು. ಬಿಟ್ರೆ ವಸಡು ಹಲ್ಲಿಂದ ಬಿಟ್ಕೊಳ್ಳುತ್ತೆ, ಸಂದಲ್ಲಿ ಕೀವು, ಅದರ ಕೆಳಗೆ ಮೂಳೆ ಕರಗುತ್ತೆ. ಹಲ್ಲು ಹಿಡ್ಕೊಂಡಿರೋದೇ ಆ ಮೂಳೆ. ಕರಗಿದ ಮೂಳೆ ಸಾಮಾನ್ಯವಾಗಿ ವಾಪಸ್ ಬರಲ್ಲ."

"ನೋವೇ ಇರ್ಲಿಲ್ವಲ್ಲ ಮೇಡಂ?"

"ಅದೇ ಇದರ ಮೋಸ. ಶುಗರ್ ಇದೆಯಾ?"

ಇತ್ತು. ಮಾತ್ರೆ ನೆನಪಾದ ದಿನ ನುಂಗುತ್ತಿದ್ದಳು. ಶುಗರ್ ಹೆಚ್ಚಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ ಎಂದು ಡಾಕ್ಟರು ವಿವರಿಸಿದರು. ರಕ್ತ ಬರುವ ಕಡೆ ಬ್ರಷ್ ಬಿಟ್ಟಿದ್ದು ತಪ್ಪು, ಮೆತ್ತನೆಯ ಬ್ರಷ್ಷಿನಿಂದ ಅಲ್ಲೇ ಹೆಚ್ಚು ಜಾಗ್ರತೆಯಾಗಿ ಉಜ್ಜಬೇಕಿತ್ತು ಎಂದರು. ಹಲ್ಲಿನ ಸಂದು ಅದೃಷ್ಟವಲ್ಲ, ಮೂಳೆಯ ಹಿಡಿತ ತಪ್ಪಿ ಹಲ್ಲು ಜಾರಿದ್ದು ಎಂದರು. ಜಗದಾಂಬಾ ಎಲ್ಲಕ್ಕೂ ತಲೆಯಾಡಿಸಿದಳು. ತನ್ನ ತಪ್ಪು ತನ್ನದು, ಅದರಲ್ಲಿ ಅವಳಿಗೆ ತಕರಾರಿರಲಿಲ್ಲ.

ಆಮೇಲೆ ಡಾಕ್ಟರು ಕೈಗವಸು ತೆಗೆಯುತ್ತಾ ಸಹಜವಾಗಿ ಕೇಳಿದರು, "ಬಾಯಿ ವಾಸನೆ ಬರ್ತಿದೆ ಅಂತ ಮನೇಲಿ ಯಾರೂ ಹೇಳ್ಲಿಲ್ವಾ?"

"ವಾಸನೆನಾ? ಇಲ್ವಲ್ಲ ಮೇಡಂ."

"ಇದೆ ಅಮ್ಮ. ಚೆನ್ನಾಗೇ ಇದೆ. ಬಹಳ ದಿನದಿಂದ ಇರ್ಬೇಕು. ನಮ್ಮ ಬಾಯಿದು ನಮಗೆ ಗೊತ್ತಾಗಲ್ಲ, ಹತ್ರ ಇರೋರೇ ಹೇಳ್ಬೇಕು."

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಕಿಟಕಿಯ ಕಡೆ ಮುಖ ಮಾಡಿದ್ದಳು. ಗಾಳಿಗೋ ಏನೋ. ಆದರೆ ಜಗದಾಂಬಾಳಿಗೆ ಇನ್ನು ಯಾವುದೂ ಸುಮ್ಮನೆ ಕಾಣಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಳು. ಟೇಪು ಯಾಕೆ ಕೈತಪ್ಪಿತು, ಊದುಬತ್ತಿ ದೇವರ ಪಟದ ಮುಂದೆ ಹಚ್ಚದೆ ತನ್ನ ಮೇಜಿನ ಮೇಲೆ ಯಾಕೆ, ಗಂಡನ ಹಾಸಿಗೆ ಹಾಲ್‌ಗೆ ಯಾಕೆ, ಅಷ್ಟು ಏಲಕ್ಕಿ ಯಾಕೆ, ಒಂದೊಂದಾಗಿ ತಿಳಿಯುತ್ತಾ ಹೋಯಿತು. ಮೂರು ವರ್ಷ ತನ್ನ ಸುತ್ತ ಎಲ್ಲರೂ ಉಸಿರು ಬಿಗಿಹಿಡಿದು ನಕ್ಕಿದ್ದಾರೆ. ತಾನು ಒಬ್ಬಳೇ ಪೆದ್ದಿಯ ಹಾಗೆ ಅವರ ಮುಖದ ಮುಂದೆ ಬಾಯಿ ತೆರೆದು ಮಾತಾಡಿದ್ದಾಳೆ. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು. ಭದ್ರಾವತಿ ಬರುವ ಹೊತ್ತಿಗೆ ನಾಚಿಕೆ ಹೋಗಿ ಸಿಟ್ಟು ಉಳಿದಿತ್ತು.

ಮನೆಗೆ ಹೋಗದೆ ನೇರ ಅಂಗಡಿಗೆ ಹೋದಳು. ಗಿರಾಕಿ ಇರಲಿಲ್ಲ. ಉಮಾ ಕಾಲರ್ ತಿರುವುತ್ತಿದ್ದಳು.

"ಉಮಾ, ನನ್ನ ಬಾಯಿ ವಾಸನೆ ಬರುತ್ತೇನೆ?"

ಉಮಾಳ ಕೈ ನಿಂತಿತು. "ಏನಕ್ಕ ಇದು, ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ, ಅದೇ ಕೇಳ್ತಿರೋದು. ನಿಂಗೆ ಯಾವಾಗಿಂದ ಗೊತ್ತು?"

ಉಮಾ ತಲೆ ತಗ್ಗಿಸಿದಳು. ಮೊದಲು ಇಬ್ಬರು ಗಿರಾಕಿಗಳು ಅಳತೆ ನೀನೇ ತೆಗಿ ಎಂದು ತನ್ನ ಕಿವಿಯಲ್ಲಿ ಹೇಳಿದರಂತೆ. ಆಮೇಲೆ ಮತ್ತೊಬ್ಬರು. ಅಕ್ಕನಿಗೆ ಅವಮಾನವಾಗಬಾರದೆಂದು ಮಂಡಿನೋವಿನ ನೆಪ ತೆಗೆದಳಂತೆ.

"ಅಳತೆ ಕಿತ್ಕೊಂಡೆ. ಹೇಳೋಕೆ ಮಾತ್ರ ಬಾಯಿ ಬರ್ಲಿಲ್ವಾ? ನಿನ್ನ ಬಾಣಂತನ ಮಾಡಿದೋಳು ಕಣೆ ನಾನು. ನಿನ್ನ ರಕ್ತ, ಮೈಲಿಗೆ ಎಲ್ಲಾ ತೊಳೆದಿದೀನಿ. ನನ್ನ ಬಾಯಿ ನಾರುತ್ತೆ ಅನ್ನೋಕೆ ನಿಂಗೆ ಸಂಕೋಚನಾ?"

"ಹೇಳೋಣ ಅಂತಲೇ ಇದ್ದೆ ಅಕ್ಕ, ದೇವ್ರಾಣೆ. ಮೊದ್ಲು ಅಣ್ಣಂಗೆ ಹೇಳಿದೆ, ಮನೆಯೋರು ಹೇಳಿದ್ರೆ ಬೇಜಾರಾಗಲ್ಲ ಅಂತ. ಅವ್ರೇ ಬೇಡ ಅಂದ್ರು. ಅವಳು ತಡ್ಕೊಳ್ಳಲ್ಲ, ಅಂಗಡಿ ಬಿಟ್ಟು ಮನೇಲಿ ಕೂತ್ಬಿಡ್ತಾಳೆ ಅಂದ್ರು. ಏಲಕ್ಕಿನೂ ಅವ್ರೇ ತಂದು ಕೊಡ್ತಿದ್ರು. ನಾನು ಕೊಟ್ರೆ ಅನುಮಾನ ಬರುತ್ತೆ, ನೀನು ಕೊಡು ಅಂತ."

ಇಷ್ಟು ಹೊತ್ತು ಸಿಟ್ಟಿನ ಬಲದಲ್ಲಿ ನಿಂತಿದ್ದ ಜಗದಾಂಬಾ ಸ್ಟೂಲು ಎಳೆದು ಕೂತಳು. ಒಬ್ಬೊಬ್ಬರೇ ಸುಮ್ಮನಿದ್ದದ್ದಾಗಿದ್ದರೆ ಅದನ್ನು ಸಂಕೋಚ ಎಂದು ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಇವರಿಬ್ಬರೂ ಕೂತು ಮಾತಾಡಿಕೊಂಡಿದ್ದಾರೆ. ತನ್ನ ಬಾಯಿಯ ಬಗ್ಗೆ ತನ್ನ ಬೆನ್ನ ಹಿಂದೆ ಚರ್ಚೆಯಾಗಿ, ಯಾರು ಏನು ಕೊಡಬೇಕು ಎಂದು ತೀರ್ಮಾನವಾಗಿ, ಪೊಟ್ಟಣ ಕೈಯಿಂದ ಕೈಗೆ ದಾಟಿದೆ. ಪ್ರೀತಿ ಎಂದುಕೊಂಡು ತಾನು ಅದನ್ನು ಅಗಿದಿದ್ದಾಳೆ.

ಸಂಜೆ ವಿಶ್ವಾರಾಧ್ಯ ಮನೆಗೆ ಬಂದಾಗ ಕಾಫಿ ಇರಲಿಲ್ಲ. ಡಾಕ್ಟರು ಹೇಳಿದ್ದು, ಉಮಾ ಹೇಳಿದ್ದು ಎರಡನ್ನೂ ಜಗದಾಂಬಾ ಅವನ ಮುಂದಿಟ್ಟಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ನಿನ್ನ ಮನಸ್ಸು ನೋಯಿಸ್ಬಾರ್ದು ಅಂತ ಕಣೆ."

"ಒಂದು ಸಂಜೆ ನೋಯ್ತಿತ್ತು ರೀ! ಒಂದು ಸಂಜೆ ಅತ್ತು, ಮಾರನೇ ದಿನ ಬಸ್ ಹತ್ತಿ ಹೋಗ್ತಿದ್ದೆ. ಆಗ್ಲೇ ಹೋಗಿದ್ರೆ ಒಂದು ಸಲಕ್ಕೆ ಮುಗೀತಿತ್ತಂತೆ. ಈಗ ಮೂಳೆ ಕರಗಿದೆ. ವಾಪಸ್ ಬರಲ್ಲಂತೆ. ನನ್ನ ಮನಸ್ಸು ಉಳಿಸೋಕೆ ನನ್ನ ಹಲ್ಲು ಕಳೆದ್ರಲ್ಲ!"

"ವಾಸನೆ ಅಷ್ಟೇ ಅಂದ್ಕೊಂಡಿದ್ದೆ. ಕಾಯಿಲೆ ಅಂತ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ, ಒಪ್ತೀನಿ. ಹಾಸಿಗೆ ಎತ್ಕೊಂಡು ಹೋದ್ರಲ್ಲ, ಅದು ಗೊತ್ತಿತ್ತಲ್ಲ?"

ವಿಶ್ವಾರಾಧ್ಯ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದ. ಯಾರ ಮನಸ್ಸನ್ನೂ ನೋಯಿಸದವರಿಗೆ ಇಂಥ ಪ್ರಶ್ನೆಗಳ ಅಭ್ಯಾಸ ಇರುವುದಿಲ್ಲ.

ಚಿಕಿತ್ಸೆ ಮಳೆಗಾಲವಿಡೀ ನಡೆಯಿತು. ಬಾಯಿಯ ಒಂದೊಂದು ಭಾಗವನ್ನು ಒಂದೊಂದು ಸಲ ಮರಗಟ್ಟಿಸಿ, ವಸಡಿನ ಆಳದಿಂದ ಗಟ್ಟಿಯಾದ ಪಾಚಿಯನ್ನು ಕೆರೆದು ತೆಗೆದರು. ಎರಡು ಕಡೆ ವಸಡು ಬಿಡಿಸಿ ಒಳಗೆ ಶುಚಿ ಮಾಡಿ ಹೊಲಿಗೆ ಹಾಕಿದರು. ಕೆಳಗಿನ ಒಂದು ಹಲ್ಲು ಉಳಿಯಲಿಲ್ಲ. ಮೇಲಿನ ಮುಂದಿನ ಹಲ್ಲುಗಳನ್ನು ಹಿಂಬದಿಯಿಂದ ಸಣ್ಣ ತಂತಿಯಲ್ಲಿ ಬಿಗಿದು ಕಟ್ಟಿದರು. ಉಳಿಯಬಹುದು, ಆದರೆ ದಾರ ಕಡಿಯುವ ಕೆಲಸ ಇನ್ನು ಜನ್ಮದಲ್ಲಿ ಇಲ್ಲ ಎಂದರು. ಊತ ಇಳಿದ ಮೇಲೆ ವಸಡು ಮೇಲಕ್ಕೆ ಸರಿದು ಹಲ್ಲು ಉದ್ದವಾಗಿ ಕಂಡವು, ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. ಜಗದಾಂಬಾ ಪ್ರತಿ ಸಲವೂ ಒಬ್ಬಳೇ ಹೋಗಿ ಬಂದಳು. ಜೊತೆಗೆ ಬರುತ್ತೇನೆಂದ ಗಂಡನಿಗೂ ಬೇಡವೆಂದಳು, ಉಮಾಳಿಗೂ ಬೇಡವೆಂದಳು. ಶುಗರ್ ಮಾತ್ರೆ ತಪ್ಪಿಸಲಿಲ್ಲ. ಹಲ್ಲುಗಳ ಸಂದಿಗೆ ತೂರಿಸುವ ಪುಟ್ಟ ಬ್ರಷ್ಷನ್ನು ಸೂಜಿ ಹಿಡಿದು ಪಳಗಿದ ಅವಳ ಬೆರಳು ಬೇಗ ಕಲಿತವು.

ಮುಗಿದ ಮೇಲೆ ಡಾಕ್ಟರು ಮತ್ತೆ ಅಳತೆ ತೆಗೆದರು. ಅಳತೆ ಇಳಿದಿತ್ತು, ರಕ್ತವಿರಲಿಲ್ಲ. "ವಾಸನೆನೂ ಇಲ್ಲ ಅಮ್ಮ, ಚೆನ್ನಾಗಿ ನೋಡ್ಕೊಂಡಿದೀರಿ. ಆದ್ರೆ ಇದು ಒಂದೇ ಸಲ ವಾಸಿಯಾಗಿ ಹೋಗೋ ಕಾಯಿಲೆ ಅಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು. ನಡುವೆ ರಕ್ತ ಬಂದ್ರೆ, ವಾಸನೆ ಬಂದ್ರೆ ತಕ್ಷಣ ಬನ್ನಿ. ವಾಸನೆ ನಿಮಗೆ ಗೊತ್ತಾಗಲ್ಲ. ಮನೇಲಿ ನಿಮಗೆ ನಂಬಿಕೆ ಇರೋ ಯಾರನ್ನಾದ್ರೂ ಆಗಾಗ ಕೇಳ್ತಾ ಇರಿ."

ಜಗದಾಂಬಾ ನಕ್ಕಳು. ಡಾಕ್ಟರಿಗೆ ಯಾಕೆಂದು ತಿಳಿಯಲಿಲ್ಲ.

ಮನೆಯಲ್ಲಿ ಅವಳು ಕೇಳುವ ಮೊದಲೇ ವಿಶ್ವಾರಾಧ್ಯ ಹತ್ತಿರ ಬಂದು ಹೇಳಿದ, "ಈಗ ಒಂಚೂರೂ ಇಲ್ಲ ಕಣೆ. ಸತ್ಯವಾಗ್ಲೂ ಇಲ್ಲ."

"ಇದ್ದಾಗ್ಲೂ ಇಲ್ದಿದ್ದ ಹಂಗೇ ಇದ್ರಿ," ಎಂದಳು ಜಗದಾಂಬಾ. "ಈಗ ಇಲ್ಲ ಅಂದ್ರೆ ನಾನು ಹೆಂಗೆ ನಂಬ್ಲಿ? ನಾಳೆ ಮತ್ತೆ ಬಂದ್ರೆ ನೀವು ಹೇಳ್ತೀರಾ, ಇಲ್ಲ ಇನ್ನೊಂದು ಪೊಟ್ಟಣ ತರ್ತೀರಾ?"

ಹೇಳ್ತೀನಿ ಎಂದು ಅವನು ಅವಳ ಕೈಮೇಲೆ ಕೈಯಿಟ್ಟು ಹೇಳಿದ. ಅವನು ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಆದರೂ ಒಳಗೆ ಯಾವುದೋ ಒಂದು ಹಿಡಿತ ಕರಗಿಹೋಗಿತ್ತು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಅಂಗಡಿಯಲ್ಲಿ ಟೇಪು ಮತ್ತೆ ಅವಳ ಕೈಗೆ ಬಂದಿದೆ. ಉಮಾ ಅಳುತ್ತಾ ಕ್ಷಮೆ ಕೇಳಿದ್ದಾಳೆ, ಜಗದಾಂಬಾ ಆಯ್ತು ಬಿಡು ಎಂದಿದ್ದಾಳೆ, ಮಧ್ಯಾಹ್ನದ ಡಬ್ಬಿ ಮಾತ್ರ ಬೇರೆ ಬೇರೆ ಹೊತ್ತಿಗೆ ತೆರೆಯುತ್ತದೆ. ಹಳೆಯ ಗಿರಾಕಿಗಳು ಬಂದರೆ ಜಗದಾಂಬಾ ಮಾಸ್ಕ್ ಹಾಕಿಕೊಂಡು ಪರದೆಯ ಹಿಂದೆ ಹೋಗುತ್ತಾಳೆ. ಮನೆಯಲ್ಲಿ ಗಂಡ ಹತ್ತಿರ ಕೂತರೂ ಸೆರಗು ಬಾಯಿಗೆ ಹೋಗುತ್ತದೆ. ಆದರೆ ಬೇರೆ ಊರಿನಿಂದ ಹೊಸಬಳು ಯಾರಾದರೂ ಅಳತೆ ಕೊಡಲು ಬಂದರೆ ಮಾಸ್ಕ್ ತೆಗೆದು ಮೇಜಿನ ಮೇಲಿಡುತ್ತಾಳೆ. ಭುಜ ಅಳೆಯುತ್ತಾ ಬೇಕೆಂದೇ ಮುಖ ಹತ್ತಿರ ತಂದು, ಯಾವ ಊರಮ್ಮ, ಮದುವೆ ಯಾರದು ಎಂದು ಕೇಳುತ್ತಾಳೆ. ಕೇಳಿ, ಆ ಹೆಂಗಸು ಹಿಂದೆ ಸರಿಯುತ್ತಾಳೋ ಇಲ್ಲವೋ ಎಂದು ಕಣ್ಣಿಟ್ಟು ನೋಡುತ್ತಾಳೆ. ಗುರುತಿಲ್ಲದವಳಿಗೆ ಜಗದಾಂಬಾಳ ಮನಸ್ಸು ಉಳಿಸಬೇಕಾದ ಹಂಗಿಲ್ಲ.